ಮೇವ್, ಬ್ರಿಜಿಡ್, ಗ್ರಾನ್ಯಾ: ಐರ್ಲೆಂಡಿನ ಹೆಣ್ಣುಹೆಸರುಗಳ ಕಥೆ

ನಿಮ್ಮ ಬೀದಿಯಲ್ಲಿ ಒಬ್ಬ ಶೀಲಾ ಇದ್ದೇ ಇರುತ್ತಾರೆ, ಅಲ್ಲವೇ? ಇಲ್ಲವಾದರೆ ನೀವು ಓದುತ್ತಿದ್ದಾಗ ತರಗತಿಯಲ್ಲಿ ಒಬ್ಬಳಾದರೂ ಇದ್ದಿರಬೇಕು. ಒಳ್ಳೆಯ ನಡತೆ ಎಂಬ ಅರ್ಥದ ಅಚ್ಚ ಸಂಸ್ಕೃತ ಹೆಸರು ಅದು. ಯೂರೋಪಿನ ಪಶ್ಚಿಮದ ತುದಿಯಲ್ಲಿರುವ ಐರ್ಲೆಂಡ್ ದ್ವೀಪದಲ್ಲೂ ಶೀಲಾ ಎಂಬ ಹೆಂಗಸರು ಬೇಕಾದಷ್ಟು ಮಂದಿ. ಹಾಗಾದರೆ ಇಬ್ಬರೂ ಒಂದೇ ಬಳ್ಳಿಯ ಹೂಗಳೇ ಎಂದು ನೀವು ಕೇಳಬಹುದು. ಅಲ್ಲ! ಅವರ ಶೀಲಾ ರೋಮಿನ ಸಿಸೀಲಿಯಾ ಎಂಬ ಹೆಸರಿನಿಂದ ಬಂದವಳು. ಅದರ ಬುಡದಲ್ಲಿರುವ ಲ್ಯಾಟಿನ್ ಮಾತಿಗೆ ಕುರುಡು ಎಂದರ್ಥ. ತಾರಾ ಕಥೆಯೂ ಅಷ್ಟೇ. ನಮ್ಮ ತಾರಾ ನಕ್ಷತ್ರ, ಅವರ ತಾರಾ ಒಂದು ಗುಡ್ಡ. ಹಿಂದೆ ಅಲ್ಲಿ ಐರ್ಲೆಂಡಿನ ಅರಸರಿಗೆ ಪಟ್ಟವಾಗುತ್ತಿತ್ತಂತೆ.

ಈಗ ಮೇವ್ ಎಂಬ ಹೆಸರು ಕೇಳಿ. ದನದ ಮೇವು ನೆನಪಾಗಿ ನಿಮಗೆ ನಗು ಬಂದೀತು. ಆದರೆ ಸೋಜಿಗ ನೋಡಿ, ಈ ಮೇವ್ ನಮ್ಮ ಮಧುವಿನ ಒಡಹುಟ್ಟಿದವಳು! ಜೇನು, ಜೇನಿನಿಂದ ಮಾಡಿದ ಮದ್ಯ ಎನ್ನುವ ಒಂದೇ ಪ್ರಾಚೀನ ಶಬ್ದ ಈ ಕಡೆ ಸಂಸ್ಕೃತದಲ್ಲಿ ಮಧು ಆಯಿತು, ಆ ಕಡೆ ಐರಿಷ್ ಭಾಷೆಯಲ್ಲಿ ಮೇವ್ ಎಂಬ ರಾಣಿಯ ಹೆಸರಿನೊಳಗೆ ಸೇರಿಕೊಂಡಿತು. ಮೇವ್ ಎಂದರೆ ಮತ್ತೇರಿಸುವವಳು. ಐರಿಷ್ ಮತ್ತು ಸಂಸ್ಕೃತ ಎರಡೂ ಒಂದೇ ದೊಡ್ಡ ಭಾಷಾಕುಟುಂಬದ ಎರಡು ತುದಿಗಳು. ನಮ್ಮ ಕನ್ನಡ ದ್ರಾವಿಡ ಕುಲದ್ದಾದರೂ ಸಂಸ್ಕೃತದಿಂದ ತಂದುಕೊಂಡ ಮಾತುಗಳ ಮೂಲಕ ನಮಗೂ ಈ ದೂರದ ನೆಂಟಸ್ತಿಕೆ ಸಿಕ್ಕಿದೆ. ಸೈವ್ ಎಂಬ ಇನ್ನೊಂದು ಹಳೆಯ ಹೆಸರಿದೆ, ಸಿಹಿಯಾದವಳು ಎಂದರ್ಥ. ಅಡುಗೆಮನೆಯಲ್ಲಿ ನಾವು ದಿನವೂ ಆಡುವ ‘ಸ್ವಾದ’ದ ಬಳಗಕ್ಕೇ ಸೇರಿದ್ದು.

ದಿಂಬಿನ ಮೇಲಿನ ಜಗಳ

ಮೇವ್ ಕೊನಾಕ್ಟ್ ಎಂಬ ಪಶ್ಚಿಮ ಸೀಮೆಯ ರಾಣಿ. ಕಥೆಯ ರಾಣಿ, ಇತಿಹಾಸದವಳಲ್ಲ. ಒಂದು ರಾತ್ರಿ ಹಾಸಿಗೆಯಲ್ಲಿ ಒರಗಿಕೊಂಡಿದ್ದಾಗ ಗಂಡ ಆಲಿಲ್ ಸುಮ್ಮನಿರಲಾರದೆ, ‘ನನ್ನ ಕೈಹಿಡಿದ ಮೇಲೆ ನಿನ್ನ ದೆಸೆ ಎಷ್ಟು ಚೆನ್ನಾಯಿತು’ ಎಂಬ ಅರ್ಥದ ಮಾತಾಡಿದ. ಯಾವ ಹೆಂಡತಿಗೆ ಸಹನೆಯಾದೀತು, ಹೇಳಿ! ‘ನಾನು ಮೊದಲೂ ಚೆನ್ನಾಗಿಯೇ ಇದ್ದೆ’ ಎಂದಳು ಮೇವ್. ಸರಿ, ಇಬ್ಬರ ಆಸ್ತಿಯನ್ನೂ ತಂದು ಎಣಿಸಿದರು. ಪಾತ್ರೆಪಡಗ, ಉಂಗುರ, ಬಟ್ಟೆ, ಕುರಿ, ಕುದುರೆ, ಹಂದಿ, ದನ ಎಲ್ಲವೂ ಸಮಸಮ. ಆದರೆ ಗಂಡನ ಹಿಂಡಿನಲ್ಲಿ ಬಿಳಿ ಕೊಂಬಿನ ಒಂದು ಗೂಳಿ ಹೆಚ್ಚಿಗೆ ಇತ್ತು. ಅದು ಹುಟ್ಟಿದ್ದು ಮೇವ್‌ಳ ಹಿಂಡಿನಲ್ಲೇ! ಹೆಣ್ಣಿನ ಒಡೆತನ ತನಗೆ ಬೇಡವೆಂದು ತಾನೇ ಆ ಕಡೆಗೆ ಹೋಗಿಬಿಟ್ಟಿತ್ತಂತೆ. ಗೂಳಿಗೂ ಎಷ್ಟು ಬಿಂಕ ನೋಡಿ.

ಅದಕ್ಕೆ ಸರಿಸಾಟಿಯಾದ ಕಂದು ಗೂಳಿ ಅಲ್ಸ್ಟರ್ ಸೀಮೆಯಲ್ಲಿತ್ತು. ಒಂದು ವರ್ಷದ ಮಟ್ಟಿಗೆ ಕೊಡಿ ಎಂದು ಮೇವ್ ಕೇಳಿ ಕಳಿಸಿದಳು. ಒಡೆಯ ಮೊದಲು ಒಪ್ಪಿದ. ಅಷ್ಟರಲ್ಲಿ ಮೇವ್‌ಳ ದೂತರು ಕುಡಿದು, ‘ಕೊಡದಿದ್ದರೆ ಕಸಿದುಕೊಳ್ಳುತ್ತಿದ್ದೆವು’ ಎಂದು ನಾಲಗೆ ಹರಿಯಬಿಟ್ಟು ಎಲ್ಲ ಕೆಡಿಸಿದರು. ಯುದ್ಧವೇ ಆಯಿತು. ಕೊನೆಗೆ ಎರಡು ಗೂಳಿಗಳೂ ಹೋರಾಡಿ ಸತ್ತವು. ನಮ್ಮ ವಿರಾಟಪರ್ವದ ಗೋಗ್ರಹಣದ ಹಾಗೆ ದನಕ್ಕಾಗಿ ನಡೆದ ಈ ಯುದ್ಧವೇ ಐರಿಷ್ ಭಾಷೆಯ ಅತಿ ದೊಡ್ಡ ಪುರಾಣಕಥೆ.

ಗೂಳಿಗಾಗಿ ಇಷ್ಟೆಲ್ಲ ರಂಪವೇ ಎನ್ನಬೇಡಿ. ಐರ್ಲೆಂಡಿನ ಹಳೆಯ ಕಾನೂನು ಮದುವೆಗಳನ್ನು ವಿಂಗಡಿಸುತ್ತಿದ್ದದ್ದೇ ಯಾರ ಕಡೆಯಿಂದ ಎಷ್ಟು ಆಸ್ತಿ ಬಂತು ಎಂಬುದರ ಮೇಲೆ. ಹೆಂಡತಿ ತಂದದ್ದು ಹೆಚ್ಚಾದರೆ ಮನೆಯಲ್ಲಿ ಅವಳ ಮಾತಿಗೆ ಹೆಚ್ಚು ತೂಕ. ಮದುವೆ ಮುರಿದರೆ ತಾನು ತಂದದ್ದನ್ನು ತೆಗೆದುಕೊಂಡು ಹೋಗುವ ಹಕ್ಕೂ ಅವಳಿಗಿತ್ತು. ಒಂದು ಗೂಳಿ ಕಡಿಮೆಯಾದರೆ ಒಂದು ಮೆಟ್ಟಿಲು ಕೆಳಗೆ! ಮೇವ್ ಸುಮ್ಮನೆ ಹಟ ಮಾಡಿದವಳಲ್ಲ.

ಅಂದಹಾಗೆ, ಈ ರಾಣಿಯ ಸಾವು ಇನ್ನೊಂದು ಕಥೆಯಲ್ಲಿ ಬರುತ್ತದೆ. ಕೊಳದಲ್ಲಿ ಮೀಯುತ್ತಿದ್ದಾಗ ಸ್ವಂತ ಅಕ್ಕತಂಗಿಯ ಮಗನೇ ಕವಣೆಯಿಂದ ಹೊಡೆದು ಕೊಂದನಂತೆ. ಕಲ್ಲಿನಿಂದಲ್ಲ, ಒಣಗಿ ಗಟ್ಟಿಯಾದ ಗಿಣ್ಣಿನ ತುಂಡಿನಿಂದ!

ಕೀಳು ಮಾಡಿದ ಮೇಲಿನ ಹೆಸರು

ಐರ್ಲೆಂಡಿನ ಹೆಣ್ಣುಹೆಸರುಗಳಲ್ಲೆಲ್ಲ ಹಿರಿಯದು ಬ್ರಿಜಿಡ್. ಉನ್ನತಳು, ಎತ್ತರದವಳು ಎಂದು ಅರ್ಥ. ಸಂಸ್ಕೃತದ ಬೃಹತೀ ಎಂಬುದು ಇದರದೇ ಜೋಡಿ ಶಬ್ದ. ಕ್ರೈಸ್ತಮತ ಬರುವ ಮೊದಲು ಬ್ರಿಜಿಡ್ ದೇವತೆಯಾಗಿದ್ದಳು. ಕವಿಗಳು ಪೂಜಿಸುತ್ತಿದ್ದ ದೇವಿ ಎಂದು ಹಳೆಯ ಐರಿಷ್ ನಿಘಂಟೊಂದು ಹೇಳುತ್ತದೆ. ಅದೇ ಹೆಸರಿನ ಇಬ್ಬರು ಸೋದರಿಯರೂ ಇದ್ದರಂತೆ. ಒಬ್ಬಳು ವೈದ್ಯಕ್ಕೆ, ಇನ್ನೊಬ್ಬಳು ಕಮ್ಮಾರಿಕೆಗೆ ಒಡತಿ. ಆಮೇಲೆ, ಐದು-ಆರನೆಯ ಶತಮಾನದಲ್ಲಿ ಕಿಲ್ಡೇರ್ ಊರಿನಲ್ಲಿ ಮಠ ಕಟ್ಟಿದ ಸಂತಳ ಹೆಸರೂ ಬ್ರಿಜಿಡ್. ಮಠಕ್ಕೆ ಜಾಗ ಕೊಡಲು ಅರಸ ಹಿಂದೇಟು ಹಾಕಿದಾಗ, ‘ನನ್ನ ಸೆರಗು ಹಾಸುವಷ್ಟು ಸಾಕು’ ಎಂದಳಂತೆ. ಹಾಸಿದರೆ ಮೇಲುಹೊದಿಕೆ ಬಯಲನ್ನೆಲ್ಲ ಮುಚ್ಚಿತು! ನಮ್ಮ ವಾಮನನ ಮೂರು ಹೆಜ್ಜೆ ನೆನಪಾಗುತ್ತದೆ ಅಲ್ಲವೇ?

ಕಿಲ್ಡೇರಿನಲ್ಲಿ ಆಕೆಯ ಹೆಸರಿನ ಅಗ್ನಿಯೊಂದು ನಂದಾದೀಪದಂತೆ ಉರಿಯುತ್ತಿತ್ತು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಬಂದ ಪಾದ್ರಿಯೊಬ್ಬ ಅದನ್ನು ಬರೆದಿಟ್ಟಿದ್ದಾನೆ. ಹತ್ತೊಂಬತ್ತು ಸನ್ಯಾಸಿನಿಯರು ಸರದಿಯ ಮೇಲೆ ಒಂದೊಂದು ರಾತ್ರಿ ಕಾಯುತ್ತಿದ್ದರಂತೆ. ಇಪ್ಪತ್ತನೆಯ ರಾತ್ರಿ ಸೌದೆ ಜೋಡಿಸಿಟ್ಟು ಹೊರಟುಬಿಡುವುದು. ಅಂದಿನ ಪಾಳಿ ಬ್ರಿಜಿಡಳದು! ಮುಂದೆ ನಂದಿಹೋದ ಆ ಬೆಂಕಿಯನ್ನು 1993ರಲ್ಲಿ ಸನ್ಯಾಸಿನಿಯರು ಮತ್ತೆ ಹೊತ್ತಿಸಿದರು. ಫೆಬ್ರವರಿ 1 ಆಕೆಯ ಹಬ್ಬ. ಹಿಂದಿನ ಸಂಜೆ ಮನೆಯ ಹೊರಗೆ ಒಂದು ಬಟ್ಟೆ ಹರವಿಟ್ಟರೆ ರಾತ್ರಿ ಹಾದುಹೋಗುವಾಗ ಬ್ರಿಜಿಡ್ ಅದನ್ನು ಮುಟ್ಟುತ್ತಾಳೆಂದು ನಂಬಿಕೆ. ಇಬ್ಬನಿ ಕುಡಿದ ಆ ಬಟ್ಟೆಯನ್ನು ಜೋಪಾನವಾಗಿಟ್ಟು, ತಲೆನೋವು ಬಂದವರ ಹಣೆಗೆ ಕಟ್ಟುತ್ತಿದ್ದರು. ಹೆರಿಗೆಯ ನೋವಿನಲ್ಲಿರುವವಳಿಗೆ ಹೊದಿಸುತ್ತಿದ್ದರು. 2023ರಿಂದ ಐರ್ಲೆಂಡಿನಲ್ಲಿ ಈ ಹಬ್ಬಕ್ಕೆ ಸರ್ಕಾರಿ ರಜೆಯೂ ಉಂಟು.

ಇಷ್ಟು ದೊಡ್ಡ ಹೆಸರನ್ನು ಮಗಳಿಗೆ ಇಡಬಾರದೆಂದು ಬಹುಕಾಲ ಜನ ಹೆದರಿದ್ದರು. ಬ್ರಿಜಿಡಳ ದಾಸ ಎಂಬರ್ಥದ ಹೆಸರನ್ನು ಗಂಡುಮಕ್ಕಳಿಗೆ ಇಡುತ್ತಿದ್ದರೇ ಹೊರತು ಹೆಣ್ಣುಮಗುವನ್ನು ನೇರವಾಗಿ ಬ್ರಿಜಿಡ್ ಎಂದು ಕೂಗುತ್ತಿರಲಿಲ್ಲ. ಮೇರಿಮಾತೆಯ ಹೆಸರಿಗೂ ಇದೇ ಭಯಭಕ್ತಿ. ಮಾತೆಗೆ ಮುರ‍್ಯ ಎಂಬ ರೂಪ ಮೀಸಲು, ಮನೆಯ ಹುಡುಗಿಯರಿಗೆ ಮಾರ‍್ಯ ಎಂಬ ಬೇರೆ ರೂಪ. ಮುಂದೆ ಕಾಲ ಬದಲಾಗಿ ಬ್ರಿಜಿಡ್ ಮನೆಮನೆಯ ಹೆಸರಾಯಿತು. ಬ್ರೀಡ್, ಬ್ರೈಡೀ, ಬಿಡೀ ಎಂದು ಮುದ್ದಿನ ರೂಪಗಳೂ ಹುಟ್ಟಿದವು.

ಆಮೇಲೆ 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂತು. ಬಡವರಿಗೆ ಅದೇ ಅನ್ನ. ಆ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿದರು. ಅಮೆರಿಕ ಸೇರಿದ ಹುಡುಗಿಯರು ನ್ಯೂಯಾರ್ಕ್, ಬಾಸ್ಟನ್ ನಗರಗಳ ಶ್ರೀಮಂತರ ಮನೆಗಳಲ್ಲಿ ಕೆಲಸಕ್ಕೆ ನಿಂತರು. ಮನೆಗೆಲಸದವಳೆಂದರೆ ಐರಿಷ್ ಹುಡುಗಿ, ಐರಿಷ್ ಹುಡುಗಿಯೆಂದರೆ ‘ಬ್ರಿಜೆಟ್’ ಎಂದಾಯಿತು. ಅವಳ ನಿಜವಾದ ಹೆಸರು ನೋರಾ ಆಗಿರಲಿ, ಕ್ಯಾಥರೀನ್ ಆಗಿರಲಿ, ಯಜಮಾನಿ ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ‘ಬಿಡೀ, ಇಲ್ಲಿ ಬಾ’ ಎಂದರೆ ಮುಗಿಯಿತು. ಪತ್ರಿಕೆಗಳಲ್ಲಿ ಪಾತ್ರೆ ಒಡೆಯುವ, ಅಡುಗೆ ಸೀಯಿಸುವ ದಡ್ಡಿ ಬ್ರಿಜೆಟ್‌ಳ ವ್ಯಂಗ್ಯಚಿತ್ರಗಳು. ದೇವತೆಯ ಹೆಸರು, ಸಂತಳ ಹೆಸರು, ‘ಏ ಹುಡುಗಿ’ ಎನ್ನುವುದಕ್ಕೆ ಇನ್ನೊಂದು ಮಾತಾಗಿಬಿಟ್ಟಿತು. ಪಾಪ, ಆ ಹುಡುಗಿಯರೇ ಒಂದೊಂದು ಡಾಲರನ್ನೂ ಕೂಡಿಟ್ಟು ಊರಿಗೆ ಕಳಿಸಿದವರು, ತಂಗಿಯರನ್ನು ಕರೆಸಿಕೊಳ್ಳಲು ಹಡಗಿನ ಟಿಕೇಟು ಕೊಂಡವರು. ಆದರೆ ಕೆಲವರು ತಮ್ಮ ಹೆಸರನ್ನು ಡೀಲಿಯಾ, ಬರ್ತಾ ಎಂದು ಬದಲಿಸಿಕೊಂಡರು. ತಮ್ಮ ಹೆಣ್ಣುಮಕ್ಕಳಿಗಂತೂ ಆ ಹೆಸರಿಡಲು ಮನಸ್ಸು ಮಾಡಲಿಲ್ಲ. ನಮ್ಮಲ್ಲೂ ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಹೊಸ ಹೆಸರು ಬರೆದು ತವರಿನ ಹೆಸರನ್ನು ಮರೆಸುವುದುಂಟು. ಹಾಗೆ ಹೆಸರು ಕಳಕೊಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಊರಲ್ಲೇ ಉಳಿದವರ ಪಾಡೇನೂ ಬೇರೆಯಲ್ಲ. ಆಡಳಿತ ಇಂಗ್ಲಿಷರದು, ಶಾಲೆ ಇಂಗ್ಲಿಷಿನದು. 1864ರಿಂದ ಎಲ್ಲ ಜನನಗಳನ್ನೂ ನೋಂದಾಯಿಸುವ ಕಾನೂನು ಬಂತು. ರಿಜಿಸ್ಟರಿನಲ್ಲಿ ಇಂಗ್ಲಿಷ್ ಹೆಸರು, ಮನೆಯಲ್ಲಿ ಐರಿಷ್ ಹೆಸರು ಎಂದು ಒಬ್ಬಳೇ ಇಬ್ಬರಾದಳು. ಅರ್ಥ ನೋಡದೆ, ಕಿವಿಗೆ ಹತ್ತಿರವಾದ ಯಾವುದೋ ಒಂದನ್ನು ಅಂಟಿಸುವುದು. ಸೈವ್ ಹೋಗಿ ಸಾರಾ, ಊನಾ ಹೋಗಿ ವಿನಿಫ್ರೆಡ್, ನಮ್ಮ ರಾಣಿ ಮೇವ್ ಹೋಗಿ ಮ್ಯಾಜ್! ಮಧ್ಯಯುಗದ ಕೊನೆಯಲ್ಲಿ ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದ ಹೆಣ್ಣುಹೆಸರು ಮೋರ್, ಅಂದರೆ ದೊಡ್ಡವಳು. ನಮ್ಮ ದೊಡ್ಡವ್ವ, ದೊಡ್ಡಮ್ಮ ಇದ್ದ ಹಾಗೆ. ಅದು ಮೇರಿ, ಮಾರ್ತಾಗಳಲ್ಲಿ ಕರಗಿಯೇ ಹೋಯಿತು. ಒಂದು ಹೆಸರಿಗೆ ಮಾತ್ರ ಯಾರೋ ತಲೆ ಓಡಿಸಿದ್ದಾರೆ. ಗೊಬ್ನಿಟ್ ಎಂದರೆ ಕಮ್ಮಾರನ ಕಸುಬಿನಿಂದ ಬಂದ ಹೆಸರು, ಕಾರ್ಕ್ ಸೀಮೆಯ ಸಂತಳದು. ಆಕೆ ಜೇನುಹುಳುಗಳನ್ನು ಕಾಯುವವಳು. ಅದಕ್ಕೇ ಇಂಗ್ಲಿಷಿನಲ್ಲಿ ಡೆಬೊರಾ ಎಂದರು. ಹೀಬ್ರೂ ಭಾಷೆಯಲ್ಲಿ ಡೆಬೊರಾ ಎಂದರೆ ಜೇನುಹುಳು!

ರಾಣಿಯ ಎದುರು ನಿಂತವಳು

ಗ್ರಾನ್ಯಾ ಎಂಬ ಹೆಸರು ಇಂಗ್ಲಿಷರ ಬಾಯಲ್ಲಿ ಗ್ರೇಸ್ ಆಯಿತು. ಆ ಹೆಸರಿನವರಲ್ಲಿ ಎಲ್ಲರಿಗೂ ಗೊತ್ತಿರುವವಳು ಗ್ರಾನ್ಯಾ ನೀ ವಾಲ್ಯ, ಹದಿನಾರನೆಯ ಶತಮಾನದ ಹಡಗುಗಳ ಒಡತಿ. ಕಡಲುಗಳ್ಳಿ ಎಂದು ಇಂಗ್ಲಿಷ್ ಅಧಿಕಾರಿಗಳು ಬೈದರು. ಎರಡು ಮದುವೆಯಾದರೂ ಹೆಸರು ಬದಲಿಸಲಿಲ್ಲ, ಕೊನೆಯವರೆಗೂ ತಂದೆಯ ಮನೆತನದ ಹೆಸರೇ. ಅವಳೊಬ್ಬಳದೇ ದಿಟ್ಟತನವೆಂದುಕೊಳ್ಳಬೇಡಿ, ಆಗಿನ ಐರಿಷ್ ಹೆಂಗಸರ ವಾಡಿಕೆಯೇ ಅದು. ಇಲ್ಲಿ ‘ನೀ’ ಎಂಬ ಪುಟ್ಟ ಮಾತನ್ನು ಗಮನಿಸಿ. ಗಂಡಸಾದರೆ ಹೆಸರಿನ ನಡುವೆ ‘ಓ’ ಬರುತ್ತದೆ, ಇಂಥವರ ಮೊಮ್ಮಗ, ಇಂಥ ವಂಶದವನು ಎಂದು. ಹೆಣ್ಣಾದರೆ ‘ನೀ’, ಆ ವಂಶದ ಮಗಳು. ಇಂಗ್ಲಿಷಿನವರು ಈ ‘ನೀ’ಯನ್ನು ಕಿತ್ತು ಅವಳನ್ನೂ ಓ'ಮ್ಯಾಲಿ ಎಂದು ಬರೆದರು. ಮಗಳನ್ನು ಮೊಮ್ಮಗನಾಗಿ ಮಾಡಿದ ಹಾಗಾಯಿತು!

1593ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಸೆರೆಯಲ್ಲಿದ್ದ ಮಗನನ್ನು ಬಿಡಿಸಲು ಈಕೆ ಲಂಡನ್ನಿಗೆ ಹೋಗಿ ಮೊದಲನೆಯ ಎಲಿಜಬೆತ್ ರಾಣಿಯನ್ನು ಗ್ರೀನ್‌ವಿಚ್ ಅರಮನೆಯಲ್ಲಿ ಕಂಡಳು. ಅದಕ್ಕೂ ಮೊದಲು ಹದಿನೆಂಟು ಪ್ರಶ್ನೆಗಳ ಪಟ್ಟಿಗೆ ಉತ್ತರ ಕೊಡಬೇಕಾಯಿತು. ಒಂದು ಉತ್ತರ ನಮ್ಮ ನಿಮ್ಮಂಥವರು ಓದಬೇಕಾದ್ದು. ನಮ್ಮ ಕಡೆ ಮುಖಂಡ ಸತ್ತರೆ ಅವನ ವಿಧವೆಗೆ ಜಮೀನಿನಲ್ಲಿ ಮೂರನೆಯ ಒಂದು ಪಾಲೂ ಸಿಕ್ಕುವುದಿಲ್ಲ ಎಂದು ಆಕೆ ನೇರವಾಗಿ ಹೇಳಿದ್ದಾಳೆ. ಇಬ್ಬರು ಗಂಡಂದಿರನ್ನು ಕಳೆದುಕೊಂಡವಳ ಅನುಭವದ ಮಾತು. ಸ್ವಾರಸ್ಯವೆಂದರೆ, ಐರಿಷ್ ಪಂಡಿತರು ಬರೆದಿಟ್ಟ ದೊಡ್ಡ ವರ್ಷಚರಿತ್ರೆಯಲ್ಲಿ ಇವಳ ಹೆಸರೇ ಇಲ್ಲ! ಉಳಿದದ್ದು ಶತ್ರುಗಳ ಕಡತಗಳಲ್ಲಿ ಮತ್ತು ಜನರ ಬಾಯಲ್ಲಿ. ಹೆಂಗಸರ ಹೆಸರೆಂದರೆ ಹೀಗೇ. ಅಲ್ಲಿನ ಅತಿ ಹಳೆಯ ಕಲ್ಲುಬರಹಗಳಲ್ಲಿ ಬಹುಮಟ್ಟಿಗೆ ಕಾಣುವುದು ಇಂಥವನ ಮಗ ಇಂಥವನು ಎಂಬುದೇ. ಪುಣ್ಯಕ್ಕೆ 1147ರಲ್ಲಿ ಕವಿಯೊಬ್ಬ ಹೆಂಗಸರ ಚರಿತ್ರೆ ಎಂಬ ಅರ್ಥದ ಉದ್ದನೆಯ ಪದ್ಯದಲ್ಲಿ ರಾಣಿಯರ, ತಾಯಂದಿರ ಹೆಸರುಗಳನ್ನು ಪೋಣಿಸಿಟ್ಟ.

ಇನ್ನುಳಿದವನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಕೀರಾ ಎಂದರೆ ಕಪ್ಪಗಿನವಳು. ನಮ್ಮ ಶ್ಯಾಮಲೆ, ಕೃಷ್ಣೆಯರ ಹಾಗೆ ಕಪ್ಪನ್ನು ಕೊಂಡಾಡುವ ಹೆಸರು. ಮಗಳ ಬಣ್ಣ ಕಪ್ಪೆಂದು ಕೊರಗುವ ತಾಯಂದಿರೇ, ಕೇಳಿಸಿಕೊಂಡಿರಾ? ಓರ್ಲಾ ಎಂದರೆ ಚಿನ್ನದಂಥ ಅರಸಿ. ಲಸರೀನಾ ಎಂದರೆ ದ್ರಾಕ್ಷಾರಸದ ಜ್ವಾಲೆ, ಎಷ್ಟು ಚೆಂದ! ಎನ್ಯಾ ಎಂದರೆ ಕಾಯೊಳಗಿನ ತಿರುಳು. 1961ರಲ್ಲಿ ಹುಟ್ಟಿದ ಗಾಯಕಿ ಎನ್ಯಾಳ ಹಾಡುಗಳನ್ನು ನಿಮ್ಮ ಮನೆಯ ಮಕ್ಕಳು ಕೇಳಿರಬಹುದು. ನೀವ್ ಎಂದರೆ ಹೊಳಪು. ‘ನೀವು ಯಾರು’ ಎಂದರೆ ‘ನಾನು ನೀವ್’ ಎನ್ನುವ ಪೇಚು ಕನ್ನಡದವರಿಗೆ ಮಾತ್ರ. ಫಿನೂಲಾ ಎಂದರೆ ಬಿಳಿ ಭುಜದವಳು. ಮಲತಾಯಿ ಈಫಾ ಶಾಪ ಕೊಟ್ಟು ನಾಲ್ವರು ಮಕ್ಕಳನ್ನು ಒಂಬೈನೂರು ವರ್ಷ ಹಂಸಗಳನ್ನಾಗಿ ಮಾಡಿದಾಗ, ಚಳಿಗಡಲಿನಲ್ಲಿ ಮೂವರು ತಮ್ಮಂದಿರನ್ನು ರೆಕ್ಕೆಯಡಿ ಅಪ್ಪಿಕೊಂಡ ಅಕ್ಕ ಇವಳೇ. ಈಫಾ ಎಂಬ ಹೆಸರಿಗೆ ಅದರಿಂದೇನೂ ಕಳಂಕ ತಟ್ಟಿಲ್ಲ, ಇವತ್ತಿಗೂ ಸಂತೋಷವಾಗಿ ಇಡುತ್ತಾರೆ. ಆದರೆ ಡೇರ್‌ಡ್ರಾ ಎಂಬ ಹೆಸರನ್ನು ಶತಮಾನಗಳ ಕಾಲ ಯಾರೂ ಮುಟ್ಟಲಿಲ್ಲ. ಅವಳ ಗಂಡನನ್ನು ಮುದಿ ಅರಸ ಮೋಸದಿಂದ ಕೊಲ್ಲಿಸಿ ಅವಳನ್ನು ತನ್ನಲ್ಲಿ ಇಟ್ಟುಕೊಂಡ. ಒಂದು ವರ್ಷ ಅವಳು ನಗಲಿಲ್ಲ. ಆಮೇಲೆ ಓಡುವ ರಥದಿಂದ ಬಂಡೆಗೆ ತಲೆ ಅಪ್ಪಳಿಸಿಕೊಂಡಳು. ಸೀತೆಯೆಂದು ಹೆಸರಿಡಲು ಹಿಂದುಮುಂದು ನೋಡುವ ಅಜ್ಜಿಯರು ನಮ್ಮಲ್ಲಿಲ್ಲವೇ, ಹಾಗೆ. ಯೇಟ್ಸ್, ಸಿಂಜ್ ಎಂಬ ಇಬ್ಬರು ದೊಡ್ಡ ಲೇಖಕರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವಳ ಮೇಲೆ ನಾಟಕ ಬರೆದ ಮೇಲೆಯೇ ಅದು ತೊಟ್ಟಿಲಿಗೆ ಬಂದದ್ದು.

ಬರೆದಂತೆ ಓದಬೇಡಿ

1893ರಲ್ಲಿ ಐರಿಷ್ ಭಾಷೆಯನ್ನು ಉಳಿಸಲು ಒಂದು ಸಂಘ ಹುಟ್ಟಿತು. 1922ರಲ್ಲಿ ದೇಶದ ಬಹುಭಾಗ ಸ್ವತಂತ್ರವಾಯಿತು. ಅಜ್ಜಿಯರ ಹೆಸರುಗಳು ಒಂದೊಂದಾಗಿ ಮೊಮ್ಮಕ್ಕಳಿಗೆ ಹಿಂತಿರುಗಿದವು. ಹೊಸವೂ ಹುಟ್ಟಿದವು. ಸೀರ್ಷಾ ಎಂದರೆ ಸ್ವಾತಂತ್ರ್ಯ. ಹಿಂದೆ ಯಾರೂ ಇಟ್ಟುಕೊಳ್ಳದಿದ್ದ ಈ ಹೆಸರು ದೇಶ ಬಿಡುಗಡೆಯಾದ ಮೇಲಿನದು. 2021ರಲ್ಲಿ ಐರ್ಲೆಂಡಿನ ಹೆಣ್ಣುಶಿಶುಗಳಿಗೆ ಅತಿ ಹೆಚ್ಚಾಗಿ ಇಟ್ಟ ಹೆಸರು ಫೀಯಾ, ಕಾಡಿನದು, ಕಾಡುಜಿಂಕೆ ಎಂದರ್ಥ. ಶಬ್ದ ಹಳೆಯದು, ಹೆಸರು ಹೊಸದು.

ನಿಮ್ಮ ಮಗಳೋ ಸೊಸೆಯೋ ಡಬ್ಲಿನ್ನಿನಲ್ಲಿದ್ದರೆ ಒಂದು ಮಾತು ಹೇಳಿಡಿ. ಈ ಹೆಸರುಗಳನ್ನು ಇಂಗ್ಲಿಷ್ ಅಕ್ಷರ ನೋಡಿ ಓದಹೊರಟರೆ ಎಡವುವುದು ಖಂಡಿತ. ಸೈವ್ ಎಂಬುದಕ್ಕೆ ಎಸ್, ಎ, ಡಿ, ಎಚ್, ಬಿ, ಎಚ್ ಎಂದು ಆರು ಅಕ್ಷರ! ಇದರಲ್ಲಿ ಹುಚ್ಚಾಟವೇನಿಲ್ಲ. ಐರಿಷಿನಲ್ಲಿ ವ್ಯಂಜನ ಮೆದುವಾದರೆ ಹಿಂದೆ ಅದರ ತಲೆಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಚುಕ್ಕೆ ಹೋಗಿ ಪಕ್ಕದಲ್ಲಿ ಎಚ್ ಬಂತು. ಬಿ ಪಕ್ಕ ಎಚ್ ಬಂದರೆ ‘ವ’, ಎಮ್ ಪಕ್ಕ ಎಚ್ ಬಂದರೂ ‘ವ’. ಅವರವರ ಬಾಯಿಂದಲೇ ಒಮ್ಮೆ ಹೇಳಿಸಿಕೊಂಡು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು ಸುಲಭ. ನಮ್ಮ ಲಿಪಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಅಲ್ಲಿಂದ ಇಲ್ಲಿಗೆ ಬಂದ ಹೆಂಗಸರ ಹೆಸರುಗಳದೂ ಒಂದು ಕಥೆ. 1867ರಲ್ಲಿ ಐರ್ಲೆಂಡಿನ ಡಂಗ್ಯಾನನ್ ಊರಿನಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್‌ಗೆ 1898ರಲ್ಲಿ ಸ್ವಾಮಿ ವಿವೇಕಾನಂದರು ಕೊಟ್ಟ ಹೆಸರು ನಿವೇದಿತಾ. ಮುತ್ತು ಎಂಬ ಅರ್ಥದ ಹೆಸರು ಬಿಟ್ಟು ಅರ್ಪಿತಳಾದವಳು ಎಂಬ ಹೆಸರನ್ನು ತಾನಾಗಿ ಒಪ್ಪಿಕೊಂಡರು. ಇನ್ನೊಬ್ಬ ಮಾರ್ಗರೆಟ್, ರಾಸ್ಕಾಮನ್ ಸೀಮೆಯ ಮಾರ್ಗರೆಟ್ ಕಸಿನ್ಸ್, 1919-20ರಲ್ಲಿ ನಮ್ಮ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದರು. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಶುರುವಾಗಲು ಮುಂದೆ ನಿಂತವರೂ ಅವರೇ. ಅವರು ಹೆಸರು ಬದಲಿಸಲಿಲ್ಲ.

ಇಲ್ಲಿಂದ ಅಲ್ಲಿಗೆ ಹೋದ ಒಂದು ಹೆಸರನ್ನು ನೀವು ಮರೆತಿರಲಾರಿರಿ. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ, ಬಸಿರು ನಿಲ್ಲದೆ ಕೈತಪ್ಪುತ್ತಿದ್ದ ಹೊತ್ತಿನಲ್ಲಿ, ಮೈಯಲ್ಲಿ ನಂಜೇರಿ ತೀರಿಕೊಂಡರು. ಬಸಿರನ್ನು ತೆಗೆಯಿರೆಂದು ಕೇಳಿದ್ದರೂ ಆಗಿನ ಕಾನೂನಿನ ಕಾರಣ ಹೇಳಿ ತೆಗೆದಿರಲಿಲ್ಲ. 2018ರ ಮೇ ತಿಂಗಳಲ್ಲಿ ಐರ್ಲೆಂಡಿನ ಜನ ಮತ ಹಾಕಿ, ಆ ಕಾನೂನಿಗೆ ಆಧಾರವಾಗಿದ್ದ ಸಂವಿಧಾನದ ವಿಧಿಯನ್ನು ತೆಗೆದುಹಾಕಿದರು. ಆ ದಿನಗಳಲ್ಲಿ ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಆಕೆಯ ದೊಡ್ಡ ಚಿತ್ರ ಬರೆದಿದ್ದರು. ಹಾದುಹೋಗುವ ಹೆಂಗಸರು ನಿಂತು, ಚೀಟಿಗಳಲ್ಲಿ ಎರಡು ಮಾತು ಬರೆದು ಚಿತ್ರದ ಸುತ್ತ ಅಂಟಿಸಿದರು. ಗೋಡೆ ತುಂಬಿಹೋಯಿತು. ನೀವ್, ಈಫಾ, ಕೀರಾ, ಬ್ರೀಡ್ ಎಂಬ ಹೆಸರಿನವರ ಊರಿನಲ್ಲಿ ಸವಿತಾ ಎಂಬುದನ್ನು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.